ಕಡಲಾಚೆಯ ಕಾರ್ಮಿಕರನ್ನು ಒಯ್ಯುವ ಹಡಗುಗಳಿಗೆ ಯಾವ ಸುರಕ್ಷತಾ ಕಾನೂನು ಅನ್ವಯಿಸುತ್ತದೆ?

ಬೆಂಗಳೂರಿನಿಂದ ಸಮುದ್ರದ ತೈಲ ವೇದಿಕೆಯ ಕೆಲಸಕ್ಕೆ ಹೊರಟಿರುವ ನಿಮ್ಮ ತಮ್ಮನಿಗೆ ಹಡಗಿನಲ್ಲಿ ಯಾವ ರಕ್ಷಣೆಯಿದೆ ಎಂದು ಕೇಳಿದ್ದೀರಿ. ಸಮುದ್ರದಲ್ಲಿ ಜೀವ ಸುರಕ್ಷತೆ ಕುರಿತ ಅಂತರರಾಷ್ಟ್ರೀಯ ಒಪ್ಪಂದವಾದ ಸೋಲಾಸ್‌ನಂತೆ 12ಕ್ಕಿಂತ ಹೆಚ್ಚು ಪ್ರಯಾಣಿಕರಿದ್ದರೆ ಅದು ಪ್ರಯಾಣಿಕ ಹಡಗು. ಆದರೆ ತೈಲ ವೇದಿಕೆಗೋ ಗಾಳಿ ವಿದ್ಯುತ್ ಸ್ಥಾವರಕ್ಕೋ ತೆರಳುವ ಕಾರ್ಮಿಕರು ಹಡಗಿನ ಸಿಬ್ಬಂದಿಯೂ ಅಲ್ಲ, ಸಾಮಾನ್ಯ ಪ್ರಯಾಣಿಕರೂ ಅಲ್ಲವಾದ್ದರಿಂದ ಅವರನ್ನು ಯಾವ ವರ್ಗಕ್ಕೆ ಸೇರಿಸಬೇಕೆಂಬ ಗೊಂದಲ ಬಹುಕಾಲ ಉಳಿದಿತ್ತು.

ಇದನ್ನು ಬಗೆಹರಿಸಲು ಅಂತರರಾಷ್ಟ್ರೀಯ ಕಡಲ ಸಂಸ್ಥೆಯು 2022ರ ನವೆಂಬರ್‌ನಲ್ಲಿ ಸೋಲಾಸ್‌ಗೆ 15ನೇ ಅಧ್ಯಾಯವನ್ನೂ ಐಪಿ ಸಂಹಿತೆಯನ್ನೂ (ಇಂಡಸ್ಟ್ರಿಯಲ್ ಪರ್ಸನೆಲ್, ಅಂದರೆ ಇಂಥ ಕಾರ್ಮಿಕರ ಸುರಕ್ಷತೆಯ ನಿಯಮಾವಳಿ) ಅಂಗೀಕರಿಸಿತು. ಅವು 2024ರ ಜುಲೈ 1ರಿಂದ ಜಾರಿಯಲ್ಲಿವೆ. 500 ಒಟ್ಟು ಟನ್ನೇಜ್ (ಹಡಗಿನ ಒಳಗಾತ್ರದ ಅಳತೆ) ಮತ್ತು ಮೇಲ್ಪಟ್ಟ ಸರಕು ಹಡಗುಗಳು 12ಕ್ಕಿಂತ ಹೆಚ್ಚು ಇಂಥ ಕಾರ್ಮಿಕರನ್ನು ಒಯ್ಯುವಾಗ, ಹಡಗಿನಿಂದ ವೇದಿಕೆಗೆ ದಾಟುವ ಸಾಧನಗಳು, ಜೀವರಕ್ಷಕ ವ್ಯವಸ್ಥೆ, ಅಗ್ನಿಸುರಕ್ಷತೆ ಎಲ್ಲವೂ ಈ ಸಂಹಿತೆಗೆ ಒಳಪಡುತ್ತವೆ. ಕಾರ್ಮಿಕನಿಗೆ ಕನಿಷ್ಠ 16 ವರ್ಷವಾಗಿರಬೇಕು, ವೈದ್ಯಕೀಯ ಅರ್ಹತೆಯೂ ಹಡಗು ಹತ್ತುವ ಮೊದಲೇ ಪಡೆದ ಸುರಕ್ಷತಾ ತರಬೇತಿಯೂ ಇರಬೇಕು. ತಮ್ಮನ ತರಬೇತಿಯ ದಾಖಲೆಯನ್ನು ದಯವಿಟ್ಟು ಈಗಲೇ ಪರಿಶೀಲಿಸಿ.

ಒಂದು ಮುಖ್ಯ ಮಿತಿಯಿದೆ: ಈ ನಿಯಮಗಳು ಅಂತರರಾಷ್ಟ್ರೀಯ ಯಾನಗಳಿಗೆ ಸಂಬಂಧಿಸಿದವು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತಕ್ಕೆ ಸಿಲುಕಿ ಮುಂಬಯಿ ಬಳಿ ಮುಳುಗಿದ ಪಿ-305ರಂಥ, ದೇಶದೊಳಗೇ ಬಳಕೆಯಾಗುವ ವಸತಿ ಬಾರ್ಜ್‌ಗಳ ಕಾರ್ಮಿಕರಿಗೆ ನಮ್ಮದೇ ಕಾನೂನು ಇಷ್ಟೇ ಬಿಗಿಯಾಗಿರಬೇಕೆಂಬುದು ನನ್ನ ದೃಢ ಅಭಿಪ್ರಾಯ.