ಮೈಸೂರಲ್ಲಿ ಇಬ್ಬರೇ ಹೋಗೋ ವಾರ್ಷಿಕೋತ್ಸವದ ಊಟಕ್ಕೆ ಯಾವುದು ಒಳ್ಳೇದು: ಅರಮನೆ ಕಾಣೋ ರೂಫ್‌ಟಾಪೋ, ದೊಡ್ಡ ಹೋಟೆಲಿನ ಬಫೆಯೋ?

ಮದುವೆಯಾಗಿ ಮೊದಲ ವರ್ಷ, ಶನಿವಾರ, ರಾತ್ರಿ ಎಂಟೂವರೆಗೆ ಊಟ ಅಂತ ನೀವು ಕೇಳಿದ್ದೀರಿ. ನಮ್ಮದೂ ಅಕ್ಷರಶಃ ಇದೇ ಆಗಿತ್ತು. ಅದಕ್ಕೇ ಇದನ್ನು ಬರೀತಿದ್ದೀನಿ.

ನಾವು ಹೋಗಿದ್ದು ಮನೆ ಹತ್ತಿರದ ರೆಸ್ಟೋರೆಂಟಿಗೆ. ಅಡುಗೆ ಒಳ್ಳೇದು, ಜಾಗ ಚೊಕ್ಕಟ, ಸಪ್ಲೈಯರ್‌ಗಳು ಮರ್ಯಾದಸ್ತರು. ಆದರೂ ಆ ರಾತ್ರಿ ಊಟ ಕೆಟ್ಟಿತು. ಕೆಟ್ಟಿದ್ದು ಫೋನಿನಲ್ಲಿ ನಾನು ಕೇಳದೇ ಬಿಟ್ಟ ಒಂದೇ ಒಂದು ಮಾತಿನಿಂದ. "ಇಬ್ಬರಿಗೆ ಟೇಬಲ್ ಸಿಗುತ್ತಾ?" ಅಂದೆ, "ಬನ್ನಿ ಸರ್, ಇದೆ" ಅಂದರು. ನಾನು ಕೇಳಬೇಕಿದ್ದದ್ದು, "ಅವತ್ತು ಪಾರ್ಟಿ ಬುಕಿಂಗ್ ಏನಾದರೂ ಇದೆಯಾ?"

ಹೋದರೆ ನಡುವಿನ ಟೇಬಲ್‌ಗಳನ್ನೆಲ್ಲ ಜೋಡಿಸಿ ಮೂವತ್ತು ಜನರ ಹುಟ್ಟುಹಬ್ಬ. ಮಕ್ಕಳ ಗದ್ದಲದ ಬಗ್ಗೆ ನನ್ನ ತಕರಾರಿಲ್ಲ, ಹಬ್ಬ ಅಂದಮೇಲೆ ಗದ್ದಲ ಇರಲೇಬೇಕು. ತೊಂದರೆ ಇರೋದು ಒಳಗಡೆ, ಅದನ್ನು ಸ್ವಲ್ಪ ವಿವರವಾಗಿಯೇ ಹೇಳ್ತೀನಿ.

ಆರ್ಡರ್ ಚೀಟಿ ಅಡುಗೆಮನೆಗೆ ಹೋದ ಸರದಿಯಲ್ಲೇ ಅಡುಗೆ ಆಗುತ್ತೆ. ಮೂವತ್ತು ಜನರ ಚೀಟಿ ಅಂದರೆ ಎಂಟು ಹತ್ತು ಪ್ಲೇಟ್ ಟಿಕ್ಕಾ, ಐವತ್ತು ಅರವತ್ತು ನಾನ್. ಬಡಾವಣೆಯ ರೆಸ್ಟೋರೆಂಟುಗಳಲ್ಲಿ ಸಾಮಾನ್ಯವಾಗಿ ಇರೋದು ಒಂದೇ ತಂದೂರಿ ಭಟ್ಟಿ. ಅದರ ಒಳಗೋಡೆಗೆ ಒಂದು ಸಲಕ್ಕೆ ಏಳೆಂಟು ನಾನ್ ಬಡಿಯಬಹುದು, ಬೇಯಲು ಎರಡು ಮೂರು ನಿಮಿಷ. ಟಿಕ್ಕಾದ ಸರಳುಗಳು ಇಳಿಯೋದೂ ಅದೇ ಭಟ್ಟಿಗೆ. ಸರಳು ಒಳಗಿದ್ದಾಗ ರೊಟ್ಟಿಗೆ ಜಾಗ ಕಡಿಮೆ, ಕೈ ಹಾಕೋದೂ ಕಷ್ಟ. ಆದರೆ ಗ್ರೇವಿ ಮಾಡೋ ಕೈ ಬೇರೆ. ಈರುಳ್ಳಿ, ಟೊಮೆಟೊ ಮಸಾಲೆ ಮೊದಲೇ ರುಬ್ಬಿ ಕುದಿಸಿಟ್ಟಿರ್ತಾರೆ, ಬಾಣಲೆಯಲ್ಲಿ ಏಳೆಂಟು ನಿಮಿಷಕ್ಕೆ ಪಲ್ಯ ರೆಡಿ. ಹೀಗಾಗಿ ಇಬ್ಬರ ಪುಟ್ಟ ಆರ್ಡರ್ ಎರಡು ತುಂಡಾಗಿ ಹೋಗುತ್ತೆ: ಗ್ರೇವಿ ಈಗ, ರೊಟ್ಟಿ ಯಾವಾಗಲೋ.

ನಮ್ಮ ಪನೀರ್ ಬೆಣ್ಣೆ ಮಸಾಲೆ ಬಂದಾಗ ಒಂಬತ್ತು ಗಂಟೆ ಐದು ನಿಮಿಷ, ನಾನ್ ಬಂದಾಗ ಒಂಬತ್ತೂವರೆ. ಅಷ್ಟರಲ್ಲಿ ಮೇಲಿನ ಕೆನೆಯ ಬಿಳಿ ಸುತ್ತು ಕಂದು ಪೊರೆಯಾಗಿ ಬಟ್ಟಲಿನ ಅಂಚಿಗೆ ಹತ್ತಿಕೊಂಡಿತ್ತು, ಬೆಣ್ಣೆ ಬೇರೆಯಾಗಿ ಒಂದು ಪಕ್ಕಕ್ಕೆ ನಿಂತಿತ್ತು. ಬಿಸಿ ಮಾಡಿಸಿದೆ, ಪನೀರ್ ರಬ್ಬರ್ ಆಯ್ತು. ಇದಕ್ಕೆ ಅಡುಗೆಯವರನ್ನು ಬೈಯೋ ಹಾಗಿಲ್ಲ. ಬುಧವಾರ ಹೋಗಿದ್ದರೆ ಅದೇ ಕೈ, ಅದೇ ಭಟ್ಟಿ, ಚಿನ್ನದಂಥ ಊಟ ಕೊಡ್ತಿತ್ತು.

ಈಗ ನಿಮ್ಮ ಪ್ರಶ್ನೆ. ಎರಡೂ ಬೇಡ ಅಂತೀನಿ. ಅರಮನೆಗೆ ಪೂರ್ತಿ ದೀಪ ಹಚ್ಚೋದು ಭಾನುವಾರ ಮತ್ತು ಸರ್ಕಾರಿ ರಜಾದಿನಗಳಂದು, ಅದೂ ಸಂಜೆ ಏಳರಿಂದ ಒಂದು ಗಂಟೆಯೊಳಗೆ ಮುಗಿಯುತ್ತೆ. ಉಳಿದ ದಿನ ಧ್ವನಿ ಬೆಳಕು ಕಾರ್ಯಕ್ರಮದ ಕೊನೆಗೆ ಕೆಲವೇ ನಿಮಿಷ. ಶನಿವಾರ ಎಂಟೂವರೆಗೆ ನೀವು ರೂಫ್‌ಟಾಪ್‌ನಲ್ಲಿ ಕೂತರೆ ದುಡ್ಡು ಕೊಟ್ಟು ಕತ್ತಲೆ ನೋಡ್ತೀರಿ. ದೀಪ ನೋಡಲೇಬೇಕು ಅಂದರೆ ಭಾನುವಾರ ಏಳಕ್ಕೆ ಅರಮನೆ ಆವರಣದಲ್ಲೇ ನಿಂತು ನೋಡಿ, ಊಟಕ್ಕೆ ಬೇರೆ ಕಡೆ ಬನ್ನಿ. ಬಫೆ ಮೂವತ್ತು ಜನಕ್ಕೆ ಸರಿ, ಇಬ್ಬರಿಗೆ ಸಲ್ಲದು. ಒಬ್ಬರು ಎದ್ದರೆ ಇನ್ನೊಬ್ಬರು ಒಂಟಿಯಾಗಿ ಕೂರಬೇಕು, ಮಾತು ಹತ್ತು ಸಲ ಕಡಿಯುತ್ತೆ. ಗಾಂಧಿ ಚೌಕದ ಹೋಟೆಲ್ ಆರ್‌ಆರ್‌ಆರ್‌ನ ಬಾಳೆಎಲೆ ಊಟ, ನಜರ್‌ಬಾದಿನ ಮೈಲಾರಿ ದೋಸೆ ನನಗೆ ಪ್ರಾಣ, ಆದರೆ ಅವು ತಿಂದು ಎದ್ದು ಬರೋ ಜಾಗ. ನಿಮಗೆ ಬೇಕಾಗಿರೋದು ಎರಡು ಗಂಟೆ ಕೂತು ಮಾತಾಡೋ ಜಾಗ.

ಹಾಗಾಗಿ ಮನೆಯಿಂದ ಹತ್ತು ನಿಮಿಷದೊಳಗಿನ ರೆಸ್ಟೋರೆಂಟ್ ಹಿಡೀರಿ. ವಿಜಯನಗರ, ಗೋಕುಲಂ, ಜಯಲಕ್ಷ್ಮೀಪುರಂ, ಕುವೆಂಪುನಗರ, ಯಾವ ಕಡೆ ನೋಡಿದರೂ ನಾಲ್ಕೈದು ಸಿಗ್ತವೆ. ಒಂದು ವಾರ ಮೊದಲು ಸಂಜೆ ಹೊತ್ತು ಒಬ್ಬರೇ ಹೋಗಿ ಒಂದು ಸೂಪ್, ಒಂದು ರೊಟ್ಟಿ, ಒಂದು ದಾಲ್ ಹೇಳಿ. ದಾಲ್ ಸುಮ್ಮನೆ ಹೇಳ್ತಿಲ್ಲ: ಒಗ್ಗರಣೆ ಆಗತಾನೇ ಹಾಕಿದ್ದೋ, ಬೆಳಿಗ್ಗೆಯದನ್ನೇ ಬಿಸಿ ಮಾಡಿದ್ದೋ ಅಂತ ಬೆಳ್ಳುಳ್ಳಿ ಘಮವೇ ಹೇಳಿಬಿಡುತ್ತೆ. ಕೈ ತೊಳೆಯೋ ಜಾಗ, ಹೆಂಗಸರ ಶೌಚಾಲಯ ನೋಡಿ ಬನ್ನಿ. ಬಾರ್ ಅಂಡ್ ರೆಸ್ಟೋರೆಂಟ್ ಆದರೆ ಫ್ಯಾಮಿಲಿ ಸೆಕ್ಷನ್ನಿಗೆ ಮೆಟ್ಟಿಲು, ಬಾಗಿಲು ಬೇರೆ ಇದೆಯಾ ಅಂತ ಖಾತ್ರಿ ಮಾಡ್ಕೊಳ್ಳಿ. ಮತ್ತೆ ಟೇಬಲ್ಲನ್ನು ಅವತ್ತೇ ಬೆರಳು ತೋರಿಸಿ ಗೊತ್ತು ಮಾಡಿ. ಗೋಡೆ ಬದಿ ಇರಲಿ. ಅಡುಗೆಮನೆ ಬಾಗಿಲು, ಗಲ್ಲಾ, ಪಾರ್ಸಲ್ ಕೌಂಟರ್ ಮೂರರಿಂದಲೂ ದೂರ ಇರಲಿ. ಪಾರ್ಸಲ್ ಕೌಂಟರ್ ಹತ್ತಿರ ರಾತ್ರಿ ಎಂಟರ ಮೇಲೆ ಡೆಲಿವರಿ ಹುಡುಗರು ಆರ್ಡರ್ ನಂಬರ್ ಕೂಗ್ತಾನೇ ಇರ್ತಾರೆ. ಏಸಿ ನೇರ ತಲೆಮೇಲಿದ್ದರೆ ಗ್ರೇವಿ ಐದೇ ನಿಮಿಷಕ್ಕೆ ತಣ್ಣಗಾಗುತ್ತೆ.

ದಿನವನ್ನೂ ಬದಲಾಯಿಸಿ ಅಂತ ಕೇಳ್ಕೊಳ್ತೀನಿ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದಮೇಲೆ ಅಲ್ಲಿಂದ ಇಲ್ಲಿಗೆ ಬರೋದು ಸಲೀಸಾಗಿದೆ, ಶನಿವಾರ ರಾತ್ರಿ ಊರಿನವರ ಜೊತೆ ಅವರೂ ಟೇಬಲ್ಲಿಗೆ ಕಾಯ್ತಾರೆ. ವಾರ್ಷಿಕೋತ್ಸವ ಶನಿವಾರವೇ ಬಿದ್ದರೂ ಬೆಳಿಗ್ಗೆ ಚಾಮುಂಡಿ ಬೆಟ್ಟಕ್ಕೆ ಹೋಗಿ ಬನ್ನಿ, ಊಟ ಮಂಗಳವಾರವೋ ಬುಧವಾರವೋ ಇಟ್ಕೊಳ್ಳಿ. ಆದರೆ ಮಾಂಸಾಹಾರಿಗಳಾದರೆ ನಿಮ್ಮ ಮನೆಯಲ್ಲಿ ಯಾವ ವಾರ ತಿನ್ನಲ್ಲ ಅನ್ನೋದನ್ನು ಮೊದಲು ನೋಡಿ.

ಆರ್ಡರನ್ನು ಒಟ್ಟಿಗೆ ಹೇಳಬೇಡಿ. ಒಟ್ಟಿಗೆ ಹೇಳಿದರೆ ಒಟ್ಟಿಗೇ ಬರುತ್ತೆ, ಸ್ಟಾರ್ಟರ್ ತಿನ್ನುವಾಗಲೇ ಗ್ರೇವಿ ಮುಂದೆ ಕೂತಿರುತ್ತೆ. ಮೊದಲು ಸೂಪ್ ಒನ್ ಬೈ ಟು, ಒಂದು ಸ್ಟಾರ್ಟರ್. "ಇದು ಮುಗಿದ ಮೇಲೆ ಹೇಳ್ತೀನಿ ಅಣ್ಣಾ" ಅಂತ ಮೆನು ಕೈಯಲ್ಲೇ ಇಟ್ಕೊಳ್ಳಿ. ಸ್ಟಾರ್ಟರ್‌ನಲ್ಲಿ ಎರಡು ತುಂಡು ಉಳಿದಾಗ ಒಂದು ಗ್ರೇವಿ, ಎರಡು ರೊಟ್ಟಿ ಹೇಳಿ. ಅದರಲ್ಲಿ ಅರ್ಧ ತಿಂದಾಗ ಇನ್ನೆರಡು. ನಾಲ್ಕೂ ಒಮ್ಮೆಲೇ ಬಂದರೆ ಕೊನೆಯ ಎರಡು ಚರ್ಮ ಆಗಿರ್ತವೆ. ಬಿರಿಯಾನಿ ಒಂದು ಪ್ಲೇಟ್ ಇಬ್ಬರಿಗೆ ಸಾಕು. ಕೇಕ್ ತಗೊಂಡು ಹೋಗೋದಾದರೆ ಹೊರಗಿನದನ್ನು ಬಿಡ್ತಾರಾ, ಫ್ರಿಜ್‌ನಲ್ಲಿ ಇಡ್ತಾರಾ ಅಂತ ಫೋನಿನಲ್ಲೇ ಕೇಳಿ, ಅರ್ಧ ಕೆಜಿಗಿಂತ ದೊಡ್ಡದು ಬೇಡ.

ಬಿಲ್‌ನಲ್ಲಿ ಇಂಥ ರೆಸ್ಟೋರೆಂಟುಗಳಿಗೆ ಜಿಎಸ್‌ಟಿ ಶೇ 5. ಸರ್ವಿಸ್ ಚಾರ್ಜ್ ಅಂತ ಬೇರೆ ಸೇರಿಸಿದ್ದರೆ ತೆಗೆಸಿ, ಅದು ಕಡ್ಡಾಯ ಅಲ್ಲ. ಆ ದುಡ್ಡನ್ನು ಸಪ್ಲೈಯರ್ ಕೈಗೇ ಕೊಡಿ.

ರಜೆ ಸಿಗದೆ ಶನಿವಾರವೇ ಗತಿ ಅನ್ನೋದಾದರೆ ಎಂಟೂವರೆ ಬಿಟ್ಟುಬಿಡಿ, ಏಳಕ್ಕೇ ಹೋಗಿ ಕೂತುಬಿಡಿ. ಪಾರ್ಟಿಯವರು ಕೇಕ್ ಕತ್ತರಿಸಿ ಆರ್ಡರ್ ಹೇಳೋ ಹೊತ್ತಿಗೆ ನಿಮ್ಮ ಕೊನೆಯ ರೊಟ್ಟಿ ಭಟ್ಟಿಯಿಂದ ಇಳಿದಿರುತ್ತೆ.