ಲಿಂಗ ಟ್ರಂಕಿನಲ್ಲಿದೆ, ನಾನೆಲ್ಲಿ ನಿಲ್ಲಲಿ?

ಓದುಗರ ಪತ್ರ:

"ನನಗೆ 33 ವರ್ಷ. ಹಾವೇರಿ ಕಡೆಯ ಹಳ್ಳಿಯವಳು, ಈಗ ಹುಬ್ಬಳ್ಳಿಯಲ್ಲಿ ಕೆಲಸ. ಮೂರು ವರ್ಷದ ಹಿಂದೆ ಕೊರಳಲ್ಲಿದ್ದ ಲಿಂಗ ತೆಗೆದು ಟ್ರಂಕಿನಲ್ಲಿಟ್ಟೆ. ಸಿಟ್ಟಿನಿಂದ ಅಲ್ಲ. ಅರ್ಥ ಗೊತ್ತಿಲ್ಲದೆ ಕಟ್ಟಿಕೊಳ್ಳುವುದು ಸುಳ್ಳು ಅನ್ನಿಸಿತು. ಮಠಕ್ಕೆ, ಗುಡಿಗೆ ಹೋಗುವುದನ್ನೂ ಬಿಟ್ಟೆ. ಆದರೆ ಒಳಗಿನ ಹುಡುಕಾಟ ನಿಂತಿಲ್ಲ. ಮೊಬೈಲಿಗೆ ಧ್ಯಾನದ ಆಪ್ ಹಾಕಿಕೊಂಡೆ. ದುಡ್ಡು ಕಟ್ಟಿ ಎರಡು ದಿನದ ಶಿಬಿರಕ್ಕೆ ಹೋಗಿಬಂದೆ. ಪುಸ್ತಕ ಓದಿದೆ. ಯಾವುದೂ ಒಂದು ತಿಂಗಳ ಮೇಲೆ ನಿಲ್ಲಲಿಲ್ಲ. ಧರ್ಮದಿಂದ ಹೊರಗೆ ಬಂದವಳಿಗೆ ಅಧ್ಯಾತ್ಮ ಅಂತ ಒಂದು ಇರುತ್ತದೆಯೇ? ಇದ್ದರೆ ಎಲ್ಲಿಂದ ಹಿಡಿಯಲಿ, ಎಲ್ಲಿ ನಿಲ್ಲಲಿ? ಊರಿಗೆ ಹೋದಾಗಲೆಲ್ಲ ಅಮ್ಮ ನನ್ನ ಖಾಲಿ ಕೊರಳು ನೋಡಿ ಕಣ್ಣೀರು ಹಾಕುತ್ತಾಳೆ. ಅವಳಿಗೆ ಏನು ಹೇಳಲಿ? ದಯವಿಟ್ಟು ಹೆಸರು ಹಾಕಬೇಡಿ."

ಸಂಪಾದಕರ ಉತ್ತರ:

ತಂಗಿ,

ನಿಮ್ಮ ಪತ್ರ ಬಂದು ಇಪ್ಪತ್ತು ದಿನ ಆಯಿತು. ಉತ್ತರ ತಡವಾಗಿದ್ದಕ್ಕೆ ನಿಮ್ಮದೇ ಒಂದು ಮಾತು ಕಾರಣ. 'ಟ್ರಂಕಿನಲ್ಲಿಟ್ಟೆ' ಅಂದಿದ್ದೀರಿ. ಹೊಳೆಗೆ ಬಿಟ್ಟೆ ಅಂದಿಲ್ಲ. ಬಾಡಿಗೆ ಮನೆ ಬದಲಿಸುವಾಗ ಆ ಟ್ರಂಕೂ ನಿಮ್ಮ ಜೊತೆ ಬಂದಿರಬೇಕು, ಅಲ್ವಾ? ಅದಕ್ಕೆ ನಾನು ದೊಡ್ಡ ಅರ್ಥ ಹಚ್ಚುವುದಿಲ್ಲ. ಮತ್ತೆ ಕಟ್ಟಿಕೊಳ್ಳಿ ಅಂತಲೂ ಹೇಳುವುದಿಲ್ಲ. ತಿಳಿಯದ್ದನ್ನು ಮೈಮೇಲೆ ಇಟ್ಟುಕೊಳ್ಳಲಾರೆ ಅನ್ನುವುದು ಖರೆ ಮಾತು. ಆ ಖರೆತನ ಇದ್ದವರಿಗೆ ಬರೆಯುವಾಗ ಬಾಯಿಗೆ ಬಂದದ್ದನ್ನು ಬರೆಯಬಾರದು ಅನ್ನಿಸಿತು.

'ಹೊರಗೆ ಬಂದವಳು' ಅನ್ನುವ ಸಾಲಿನಲ್ಲಿ ನಿಮ್ಮ ಅಕ್ಷರ ಸಣ್ಣದಾಗಿದೆ. ತಪ್ಪು ಒಪ್ಪಿಕೊಳ್ಳುವವರು ದನಿ ಇಳಿಸಿದ ಹಾಗೆ. ಆ ಭಯ ಬೇಡ. ಸಂವಿಧಾನದ 25ನೇ ವಿಧಿ ಮೊದಲು ಹೇಳುವುದೇ ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನು. ಧರ್ಮವನ್ನು ಆಚರಿಸುವ ಹಕ್ಕಿನ ಮಾತು ಆಮೇಲೆ ಬರುತ್ತದೆ. 2011ರ ಜನಗಣತಿಯಲ್ಲಿ ತಮ್ಮ ಧರ್ಮ ಯಾವುದೆಂದು ಹೇಳದೇ ಇದ್ದವರು ದೇಶದಲ್ಲಿ 28 ಲಕ್ಷಕ್ಕೂ ಜಾಸ್ತಿ. ಅವರೆಲ್ಲ ನಿಮ್ಮ ಹಾಗೆ ಹುಡುಕುವವರು ಅಂತಲ್ಲ. ಆದರೂ ನೀವು ಒಬ್ಬರೇ ಅಲ್ಲ.

ಅದಕ್ಕಿಂತ ಮುಖ್ಯವಾದದ್ದು ನಿಮ್ಮ ಕಾಲ ಕೆಳಗಿನ ನೆಲ. ನೀವು ಹುಟ್ಟಿದ ಸೀಮೆಯಲ್ಲಿ ಹೊರಗೆ ಬಂದವರಿಗೆ ಬರವಿಲ್ಲ. ನೀವು ತೆಗೆದಿಟ್ಟ ಆ ಲಿಂಗವೂ ಹೊರಗೆ ಬಂದವರ ಕೈಯಿಂದಲೇ ಬಂದದ್ದು. ಗುಡಿಯ ಬಾಗಿಲಲ್ಲಿ ತಡೆದು ನಿಲ್ಲಿಸುತ್ತಿದ್ದ ಜನಕ್ಕೆ 12ನೇ ಶತಮಾನದ ಶರಣರು ದೇವರನ್ನು ಅಂಗೈಗೇ ತಂದುಕೊಟ್ಟರು. ನಿಮ್ಮ ಜಿಲ್ಲೆಯ ಚೌಡದಾನಪುರಕ್ಕೆ ಹೋಗಿದ್ದೀರಾ? ರಾಣೇಬೆನ್ನೂರು ತಾಲ್ಲೂಕು, ತುಂಗಭದ್ರೆಯ ದಂಡೆ. ದೋಣಿ ಹುಟ್ಟು ಹಾಕಿ ಬದುಕಿದ ಅಂಬಿಗರ ಚೌಡಯ್ಯನ ಊರು ಅದು. ಉಳಿದ ಬಹಳಷ್ಟು ಶರಣರ ವಚನಗಳು ಅವರವರ ಇಷ್ಟದೇವರ ಹೆಸರಿನಲ್ಲಿ ಮುಗಿಯುತ್ತವೆ. ಬಸವಣ್ಣನವರಿಗೆ ಕೂಡಲಸಂಗಮದೇವ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ. ಚೌಡಯ್ಯ ತನ್ನ ವಚನಕ್ಕೆ ಹಾಕಿದ ಅಂಕಿತ ತನ್ನದೇ ಹೆಸರು, ತನ್ನದೇ ಕಸುಬು. ಆಡಿದ ಮಾತಿಗೆ ತಾನೇ ಜವಾಬ್ದಾರ. ಎಂಟುನೂರು ವರ್ಷದ ಹಿಂದೆ ಒಬ್ಬ ಅಂಬಿಗ ಹಾಗೆ ಮಾಡಿದ ಅಂದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇನ್ನು ಶರೀಫರು. ಇವರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು. ನಿಮ್ಮ ಪ್ರಶ್ನೆಗೆ ಇಷ್ಟು ಹತ್ತಿರ ಬದುಕಿದವರು ನಮ್ಮ ಕಡೆ ಬೇರೆ ಯಾರೂ ನೆನಪಾಗುವುದಿಲ್ಲ. 1819ರಲ್ಲಿ ಶಿಗ್ಗಾವಿ ತಾಲ್ಲೂಕಿನ ಶಿಶುನಾಳದಲ್ಲಿ, ಮುಸ್ಲಿಂ ಮನೆಯಲ್ಲಿ ಹುಟ್ಟಿದರು. ಕಲಿತು ಕೆಲ ಕಾಲ ಶಾಲೆ ಮಾಸ್ತರಿಕೆ ಮಾಡಿದರು. ಗುರುವಾಗಿ ಸಿಕ್ಕವರು ಕಳಸದ ಗೋವಿಂದ ಭಟ್ಟರು, ಬ್ರಾಹ್ಮಣರು. ಇಬ್ಬರನ್ನೂ ಅವರವರ ಜನ ದೂರ ಇಟ್ಟರು ಅನ್ನುವ ಕಥೆಗಳು ಇವತ್ತಿಗೂ ಹಳ್ಳಿಗಳಲ್ಲಿವೆ. ಭಟ್ಟರು ಶಿಷ್ಯನಿಗೆ ಜನಿವಾರ ಹಾಕಿದರು ಅಂತಲೂ ಜನ ಹೇಳುತ್ತಾರೆ. ಶರೀಫರು ಗುಡಿಯನ್ನೂ ಹಾಡಿದರು, ದರ್ಗಾವನ್ನೂ ಹಾಡಿದರು. ಸೋರುವ ಮಾಳಿಗೆ ಕಂಡರೆ ಅದರ ಮೇಲೆ ಪದ, ಗಿರಣಿ ಕಂಡರೆ ಅದರ ಮೇಲೂ ಪದ. 1889ರಲ್ಲಿ ತೀರಿಕೊಂಡರು. ಅವರ ಗದ್ದುಗೆಗೆ ಎರಡೂ ಧರ್ಮದವರು ನಡೆದುಕೊಳ್ಳುತ್ತಾರೆ.

ಶರೀಫರನ್ನು ಹೊಗಳುವಾಗ ನಾವು 'ಭಾವೈಕ್ಯ' ಅನ್ನುವ ಒಂದು ಪದ ಹೇಳಿ ಮುಗಿಸಿಬಿಡುತ್ತೇವೆ. ನನಗೆ ಅದು ಸಾಲದು. ಹುಟ್ಟಿದ ಮನೆಯ ಹೊಸ್ತಿಲು ದಾಟಿದ ಮನುಷ್ಯ ದಾರಿಯಲ್ಲಿ ಒಂಟಿಯಾಗಿ ನಿಲ್ಲಲಿಲ್ಲ, ಅದನ್ನು ನೋಡಿ. ಬೈದು ತಿದ್ದುವ ಒಬ್ಬ ಗುರು ಇದ್ದರು. ಜೊತೆಗೆ ಕೂತು ಹಾಡುವ, ಹಾಡಿನ ಅರ್ಥ ಕೇಳುವ ಜನ ಇದ್ದರು.

ಆ ಕೂಟ ಇನ್ನೂ ಸತ್ತಿಲ್ಲ. ಕೆಲ ವರ್ಷಗಳ ಹಿಂದೆ ಒಂದು ಅಮಾವಾಸ್ಯೆ ರಾತ್ರಿ ಕುಂದಗೋಳ ಸೀಮೆಯ ಒಂದು ಹಳ್ಳಿಯಲ್ಲಿ ತತ್ವಪದದ ಭಜನೆಗೆ ಹೋಗಿದ್ದೆ. ಗುಡಿಯ ಒಳಗೆ ಅಲ್ಲ, ಹೊರಗಿನ ಕಟ್ಟೆಯ ಮೇಲೆ. ಒಬ್ಬ ಹುಡುಗ ಹುಲ್ಲಿನ ಬೆಂಕಿಗೆ ದಮ್ಮಡಿ ಹಿಡಿದು ಕಾಯಿಸುತ್ತಿದ್ದ. ಚರ್ಮ ಬಿಗಿಯಾಯಿತೋ ಇಲ್ಲವೋ ಅಂತ ಬೆರಳಿನಿಂದ ಬಾರಿಸಿ, ಕಿವಿಗೆ ಹಿಡಿದು, ಮತ್ತೆ ಕಾಯಿಸುತ್ತಿದ್ದ. ಏಕತಾರಿಯ ಮುದುಕ ಎರಡು ಪದ ಹಾಡಿರಬಹುದು. ಅಷ್ಟರಲ್ಲಿ ಮೊಮ್ಮಗುವನ್ನು ತೊಡೆ ಮೇಲೆ ಮಲಗಿಸಿಕೊಂಡಿದ್ದ ಒಬ್ಬ ಹೆಂಗಸು, "ನಿಂದರ್ರಿ, ಆ ನುಡಿ ನನಗ ತಿಳೀಲಿಲ್ಲ" ಅಂದಳು. ಹಾಡು ನಿಂತಿತು. ಮುದುಕ ಅರ್ಥ ಹೇಳಿದ. "ಹಂಗಲ್ಲ ಅದು" ಅಂತ ಇನ್ನೊಬ್ಬ ಎದ್ದ. ಚಹಾ ಬಂತು, ಆರಿತು. ಆ ಒಂದು ನುಡಿಯ ಮೇಲೆ ಒಂದು ತಾಸು ಮಾತಾಯಿತು. ಯಾರೂ ಯಾರನ್ನೂ 'ನೀ ನಂಬತಿಯೋ ಇಲ್ಲೋ' ಅಂತ ಕೇಳಲಿಲ್ಲ. ತಿಳಿಯಲಿಲ್ಲ ಅಂದವಳಿಗೆ ಅಲ್ಲಿ ಮರ್ಯಾದೆ ಇತ್ತು.

ನೀವು ಎಲ್ಲಿ ನಿಲ್ಲಲಿ ಅಂತ ಕೇಳಿದ್ದೀರಿ. ನಮ್ಮ ಕಡೆ ಮನೆಗೂ ಬೀದಿಗೂ ನಡುವೆ ಒಂದು ಕಟ್ಟೆ ಇರುತ್ತದೆ. ಒಳಗೆ ಬರಲೊಲ್ಲದವರು ಅಲ್ಲೇ ಕೂತು ಮಾತಾಡುತ್ತಾರೆ, ನೀರು ಕುಡಿಯುತ್ತಾರೆ, ಸಂಜೆಯಾದರೆ ಎದ್ದು ಹೋಗುತ್ತಾರೆ. ನಿಮಗೆ ಬೇಕಾದದ್ದು ಅಂಥ ಒಂದು ಕಟ್ಟೆ. ಆಪಿನಲ್ಲಿ ಅದು ಸಿಗಲಿಲ್ಲ. ನೀವು ಇವತ್ತು ಧ್ಯಾನಕ್ಕೆ ಕೂರದಿದ್ದರೆ ಅದು ಒಂದು ಸಲ ಗಂಟೆ ಬಾರಿಸೀತು, ಅಷ್ಟೇ. 'ಯಾಕವ್ವಾ, ಈ ಅಮಾಸಿಗೆ ಬರಲಿಲ್ಲ?' ಅಂತ ಕೇಳುವವರು ಬೇಕು.

ಇನ್ನೊಂದು ಮಾತು, ಇದು ಸ್ವಲ್ಪ ಗಡುಸು. ತಿಂಗಳಿಗೊಂದು ಬದಲಿಸಿದ್ದೀರಿ. ಗದಗಿನ ವೀರೇಶ್ವರ ಪುಣ್ಯಾಶ್ರಮ ನಿಮಗೆ ಗೊತ್ತಿರಲೇಬೇಕು. ಪಂಚಾಕ್ಷರಿ ಗವಾಯಿಗಳು (1892–1944), ಅವರ ನಂತರ ಪುಟ್ಟರಾಜ ಗವಾಯಿಗಳು (1914–2010). ಇಬ್ಬರೂ ನಿಮ್ಮ ಹಾವೇರಿ ಸೀಮೆಯವರೇ, ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಕಣ್ಣಿಲ್ಲದ, ಗತಿಯಿಲ್ಲದ ಮಕ್ಕಳಿಗೆ ಜಾತಿ ಕೇಳದೆ ಅನ್ನ ಹಾಕಿ ಸಂಗೀತ ಕಲಿಸಿದರು. ಹಿಂದೂಸ್ತಾನಿ ಹಾಡುಗಾರಿಕೆಯಲ್ಲಿ ಖರಜದ ಸಾಧನೆ ಅಂತ ಒಂದಿದೆ. ನಸುಕಿನಲ್ಲಿ ಎದ್ದು, ತಂಬೂರಿ ಮಿಡಿಯುತ್ತಾ, ಕೆಳಗಿನ ಷಡ್ಜ ಒಂದನ್ನೇ ಉಸಿರಿದ್ದಷ್ಟು ಹೊತ್ತು ಹಿಡಿಯುವುದು. ಒಂದೇ ಸ್ವರ. ರಾಗ ಇಲ್ಲ, ತಾನ್ ಇಲ್ಲ, ಕೇಳುವವರೂ ಇಲ್ಲ. ಮೊದಮೊದಲು ದನಿ ನಡುಗುತ್ತದೆ, ಬೇಸರ ಬರುತ್ತದೆ. ಕಲಿತವರನ್ನು ಕೇಳಿ ನೋಡಿ. ಆ ಬೇಸರ ದಾಟಿದ ಮೇಲೆಯೇ ಸ್ವರ ಕಿವಿಗೆ ಸಿಕ್ಕಿತು ಅನ್ನುತ್ತಾರೆ. ಒಂದು ತಿಂಗಳಿಗೆ ನಿಮಗೆ ಬಂದದ್ದು ಅದೇ ಬೇಸರ ಇರಬಹುದು. ದಾರಿ ತಪ್ಪಿತು ಅಂದುಕೊಂಡು ನೀವು ಎದ್ದುಬಿಟ್ಟಿರಿ.

ಹಾಗಾದರೆ ಏನನ್ನು ಹಿಡಿಯಬೇಕು? ಇದಕ್ಕೆ ನನ್ನ ಮನೆಯ ಮಾತು ಹೇಳುತ್ತೇನೆ.

ನಾನೂ ನಿಮ್ಮ ವಯಸ್ಸಿನಲ್ಲಿ ಪೂಜೆ ಬಿಟ್ಟವನು. ಓದಿ, ವಾದ ಮಾಡಿ ಬಿಟ್ಟೆ. ಅಪ್ಪ ತೀರಿಕೊಂಡಾಗ ಬಂಧುಗಳೆಲ್ಲ ಒಂದೊಂದು ಕೆಲಸಕ್ಕೆ ಓಡಾಡುತ್ತಿದ್ದರು. ವಿಭೂತಿ ತರುವವರು, ಹೂ ಕಟ್ಟುವವರು, ಅಡಿಗೆಗೆ ಹೇಳುವವರು. ನಾನು ಗೋಡೆಗೆ ಒರಗಿ ನಿಂತಿದ್ದೆ. ತಲೆಯಲ್ಲಿ ಬೇಕಾದಷ್ಟು ವಿಚಾರ ಇತ್ತು, ಕೈಗೆ ಕೆಲಸ ಇರಲಿಲ್ಲ. ಆ ಹೊತ್ತಿನ ಬರಿಗೈಯನ್ನು ನಾನು ಮರೆತಿಲ್ಲ. ಆಚರಣೆ ಬಿಟ್ಟವರು ಕಳೆದುಕೊಳ್ಳುವುದು ಇದನ್ನು. ದೇವರಿಲ್ಲದೆ ಇರಬಹುದು, ದುಃಖ ಬಂದಾಗ ಕೈಗೆ ಕೆಲಸವಿಲ್ಲದೆ ಇರುವುದು ಬಹಳ ಕಷ್ಟ.

ಅಪ್ಪ ಪ್ರತಿ ವರ್ಷ ಶಿವರಾತ್ರಿ ಮುಗಿದ ಮೇಲೆ ಗೇಟಿನ ಹೊರಗೆ, ಬೇವಿನ ಗಿಡದ ಕೆಳಗೆ, ಒಂದು ದೊಡ್ಡ ಮಣ್ಣಿನ ಹರವಿ ಇಡುತ್ತಿದ್ದರು. ಹೋಗಿಬರುವವರಿಗೆ ಕುಡಿಯುವ ನೀರು. ಮುಂಗಾರು ಬರುವ ತನಕ. ಅವರು ಹೋದ ಮೊದಲ ಬೇಸಿಗೆ ಆ ಹರವಿ ಹಿತ್ತಲಲ್ಲಿ ಬೋರಲು ಬಿದ್ದಿತ್ತು. ಒಂದು ಬೆಳಿಗ್ಗೆ ಸುಮ್ನೆ ಎತ್ತಿಕೊಂಡು ತೊಳೆಯಲು ಕೂತೆ. ಭುಜದವರೆಗೆ ತೋಳು ಒಳಗೆ ಹೋಗುತ್ತದೆ. ತಳದಲ್ಲಿ ಪಾಚಿ ಬೆರಳಿಗೆ ಜಾರುತ್ತದೆ. ಸೋಪು ಹಾಕಬಾರದು, ಮಣ್ಣು ಅದನ್ನು ಹೀರಿಕೊಂಡು ನೀರಿಗೆ ವಾಸನೆ ಕೊಡುತ್ತದೆ. ತೆಂಗಿನ ನಾರಿನಿಂದ ತಿಕ್ಕಿ ಮೂರು ಸಲ ತೊಳೆಯಬೇಕು. ಹೊರಗೆ ಬಣ್ಣ ಬಳಿಯಬಾರದು. ಹರವಿಯ ಮೈ ಬೆವರಬೇಕು, ಬೆವರು ಆರಿದಂತೆ ಒಳಗಿನ ನೀರು ತಣ್ಣಗಾಗುತ್ತದೆ. ತುಂಬಿಸಿ ಕೆಳಗೆ ಮರಳು ಹಾಕಿ ಇಟ್ಟು, ಒದ್ದೆ ಮಣ್ಣಿನ ವಾಸನೆ ಮೂಗಿಗೆ ಬಂದಾಗ, ಅಪ್ಪ ಸತ್ತ ಮೇಲೆ ಮೊದಲ ಸಲ ಅತ್ತೆ.

ಅವತ್ತಿನಿಂದ ಪ್ರತಿ ಬೇಸಿಗೆ ನನ್ನ ಬೆಳಗಿನ ಪೂಜೆ ಅದೇ. ಪೂಜೆ ಅನ್ನುವ ಪದ ಬೇಕಂತಲೇ ಬಳಸಿದ್ದೇನೆ. ಹತ್ತು ನಿಮಿಷ ಮಾತಿಲ್ಲ, ಫೋನಿಲ್ಲ. ನಳದ ನೀರು ಎಷ್ಟೋ ದಿನಕ್ಕೊಮ್ಮೆ ಬರುವ ನಮ್ಮ ಊರಿನಲ್ಲಿ ಕೊನೆಯ ಕೊಡ ಮನೆಗೋ ಹರವಿಗೋ ಅನ್ನುವ ಪ್ರಶ್ನೆ ಬರುತ್ತದೆ. ಆಗ ನಾನು ಎಂಥವನು ಅಂತ ನನಗೆ ತಿಳಿಯುತ್ತದೆ. ಕೆಲವು ದಿನ ಮನೆಗೇ ಇಟ್ಟುಕೊಂಡಿದ್ದೇನೆ. ಆ ದಿನ ಗೇಟಿನ ಹೊರಗೆ ಲೋಟ ಎತ್ತಿ, ಖಾಲಿ ನೋಡಿ, ಮತ್ತೆ ಇಟ್ಟ ಸದ್ದು ಕೇಳಿದರೆ ಊಟ ಇಳಿಯುವುದಿಲ್ಲ.

ನಿಮಗೆ ಹರವಿಯೇ ಆಗಬೇಕಿಲ್ಲ. ಹಾಡು ಆಗಬಹುದು. ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಯಾರೂ ಇಲ್ಲದ ರೋಗಿಯ ಪಕ್ಕ ಕೂರುವುದು ಆಗಬಹುದು. ನಸುಕಿನಲ್ಲಿ ಉಣಕಲ್ ಕೆರೆಯ ದಂಡೆಯ ಮೇಲೆ ಸುಮ್ಮನೆ ನಡೆಯುವುದೂ ಆದೀತು. ಒಂದೇ ಇರಲಿ. ಮೈಗೆ ಕೆಲಸ ಇರಲಿ. ಈ ಯುಗಾದಿಯಿಂದ ಮುಂದಿನ ಯುಗಾದಿಯವರೆಗೆ ಬದಲಿಸಬೇಡಿ. ಬೇಸರ ಬಂದ ದಿನವೂ ಮಾಡಿ. ತಿಂಗಳಿಗೆ ಒಂದು ರಾತ್ರಿ ನಿಮ್ಮ ಪ್ರಶ್ನೆ ಕೇಳಿಸಿಕೊಳ್ಳುವ ಜನರ ನಡುವೆ ಕೂತು ಬನ್ನಿ.

ಗುರು ಬೇಕೆ ಅಂತ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಸಿಕ್ಕರೆ ಒಳ್ಳೆಯದೇ. ಪ್ರಶ್ನೆ ಕೇಳಿದರೆ ಮುಖ ಗಂಟಿಕ್ಕುವವರು, ಮುಂದಿನ ಹಂತಕ್ಕೆ ಇಷ್ಟು ಫೀಸು ಅನ್ನುವವರು, ಮನೆಯವರಿಂದ ದೂರ ಇರು ಅನ್ನುವವರು, ಇಲ್ಲಿನ ಮಾತು ಹೊರಗೆ ಹೇಳಬೇಡ ಅನ್ನುವವರು ಕಂಡರೆ ಚಪ್ಪಲಿ ಹಾಕಿಕೊಂಡು ಎದ್ದು ಬನ್ನಿ. ಮತ್ತೊಂದು: ಒಳಗಿನ ಖಾಲಿತನ ಎಲ್ಲವೂ ಅಧ್ಯಾತ್ಮದ ಹಸಿವಲ್ಲ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಏನೂ ಬೇಡ ಅನ್ನಿಸುತ್ತಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿ ತೋರಿಸಿ. ಅಥವಾ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಮನಸ್ಸಿನ ಆರೋಗ್ಯದ ಸರ್ಕಾರಿ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಸಿಗುತ್ತಾರೆ. ಅದರಲ್ಲಿ ನಾಚಿಕೆಯ ಮಾತೇ ಇಲ್ಲ.

ಇನ್ನು ಅಮ್ಮ. ಅಮ್ಮ ಲಿಂಗಕ್ಕಾಗಿ ಅಳುತ್ತಾರೆ ಅಂದುಕೊಂಡಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ತನಗೆ ಕಷ್ಟದಲ್ಲಿ ಕೈ ಹಿಡಿದದ್ದು ಅದು. ನಾಳೆ ತಾನಿಲ್ಲದಾಗ ಮಗಳಿಗೆ ಏನಿದೆ ಅನ್ನುವ ಭಯ ಅದು. ಅವರಿಗೆ ಏನೂ ಹೇಳಲು ಹೋಗಬೇಡಿ. ಹೇಳಿದರೆ ವಾದ ಆಗುತ್ತದೆ. ಮುಂದಿನ ಸಲ ಊರಿಗೆ ಹೋದಾಗ ನಸುಕಿನಲ್ಲಿ ಎದ್ದು, ಅವರು ಲಿಂಗಪೂಜೆಗೆ ಕೂತಾಗ ಪಕ್ಕದಲ್ಲಿ ಕೂತುಕೊಳ್ಳಿ. ಕೈ ಮುಗಿಯಬೇಕಾಗಿಲ್ಲ. ಸುಮ್ಮನೆ ಕೂತರೆ ಸಾಕು. ಆಮೇಲೆ, ಅವರು ರೊಟ್ಟಿ ಬಡಿಯುವ ಹೊತ್ತಿಗೆ, ಒಲೆ ಪಕ್ಕ ಕೂತು ಕೇಳಿ: ಅವ್ವಾ, ಅಂಗೈಯಾಗ ಇಟಗೊಂಡು ಅಷ್ಟೊತ್ತು ನೋಡತೀಯಲ್ಲ, ನಿನಗ ಏನು ಕಾಣತದ?

ಇಷ್ಟು ವರ್ಷದಲ್ಲಿ ಅವರನ್ನು ಯಾರೂ ಇದನ್ನು ಕೇಳಿರಲಿಕ್ಕಿಲ್ಲ. ಅವರು ಏನಂದರು ಅಂತ ನನಗೆ ಬರೆಯಿರಿ. ಆಗಲೂ ಹೆಸರು ಹಾಕುವುದಿಲ್ಲ.