ಸುಳ್ಯದ ಹಳ್ಳಿಯಲ್ಲಿರುವ ಮಾಜಿ ಸೈನಿಕರು ಮಂಗಳೂರಿನ ಖಾಸಗಿ ಆಸ್ಪತ್ರೆಗೆ ನೇರವಾಗಿ ಹೋಗಬಹುದಾ?

ನಿಮ್ಮ ತಂದೆಗೆ 66 ವರ್ಷ, ಇಸಿಎಚ್‌ಎಸ್ (ಮಾಜಿ ಸೈನಿಕರ ಸರ್ಕಾರಿ ಆರೋಗ್ಯ ಯೋಜನೆ) ಕಾರ್ಡ್ ಇದೆ, ಮಂಡಿನೋವಿಗೆ ಖಾಸಗಿ ಆಸ್ಪತ್ರೆಯಲ್ಲಿ ತೋರಿಸಬೇಕು, ಅದಕ್ಕೂ ಮೊದಲು ಯೋಜನೆಯದ್ದೇ ಕ್ಲಿನಿಕ್ ಆದ ಪಾಲಿಕ್ಲಿನಿಕ್‌ಗೆ ಹೋಗಲೇಬೇಕಾ ಅಂತ ಕೇಳಿದ್ದೀರಿ. ಮಂಡಿನೋವಿಗಾದರೆ ಹೋಗಲೇಬೇಕು. ಅಲ್ಲಿನ ಡಾಕ್ಟರ್ ನೋಡಿ ರೆಫರಲ್ ಚೀಟಿ ಕೊಟ್ಟರೆ ಮಾತ್ರ ಯೋಜನೆಯ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಯಲ್ಲಿ ದುಡ್ಡು ಕೊಡದೆ ಚಿಕಿತ್ಸೆ.

ನಾನೂ ಹವಾಲ್ದಾರನಾಗಿ ನಿವೃತ್ತಿಯಾದವ, ಸುಳ್ಯದ ಕಡೆಯವನೇ. 2003ರ ಏಪ್ರಿಲ್‌ನಲ್ಲಿ ಶುರುವಾದ ಈ ಯೋಜನೆ ಒಳ್ಳೆಯದೇ, ಚಿಕಿತ್ಸೆಗೆ ಇಷ್ಟೇ ಲಕ್ಷ ಅಂತ ಮಿತಿ ಇಲ್ಲ. ಆದರೆ ಆ ಒಂದು ಚೀಟಿಗೆ ಪುತ್ತೂರು, ಬಿ.ಸಿ. ರೋಡ್ ದಾಟಿ ಮಂಗಳೂರಿಗೆ ಹೋಗಬೇಕಲ್ವಾ, ಅಲ್ಲೇ ಅರ್ಧ ಜನ ಸುಸ್ತು. ಮಡಿಕೇರಿ ಪಾಲಿಕ್ಲಿನಿಕ್ ದೂರದಲ್ಲಿ ಕಡಿಮೆ, ಆದರೆ ಮಳೆಗಾಲದಲ್ಲಿ ಸಂಪಾಜೆ ಘಾಟಿಯನ್ನು ನಂಬುವುದು ಹೇಗೆ? 2018ರಲ್ಲಿ ಅದೇ ದಾರಿಯ ಜೋಡುಪಾಲದಲ್ಲಿ ಗುಡ್ಡ ಕುಸಿದು ಏನಾಯಿತು ಅಂತ ಗೊತ್ತಲ್ಲ. ಅಮೆರಿಕದಲ್ಲಿ 2018ರ ಕಾನೂನು ಬಂದ ಮೇಲೆ, ಸಾಮಾನ್ಯ ಚಿಕಿತ್ಸೆಗೆ ಮಾಜಿ ಸೈನಿಕರ ಸರ್ಕಾರಿ ಕ್ಲಿನಿಕ್ ಕಾರಿನಲ್ಲಿ 30 ನಿಮಿಷಕ್ಕಿಂತ ದೂರ ಇದ್ದರೆ ಹತ್ತಿರದ ಖಾಸಗಿ ಡಾಕ್ಟರ ಹತ್ತಿರ ಹೋಗಬಹುದಂತೆ. ನಮಗೆ 30 ನಿಮಿಷದಲ್ಲಿ ಬಸ್ಸು ಬಂದರೆ ಅದೇ ದೊಡ್ಡದು ಮಾರಾಯ್ರೆ.

ಹಾಗಾಗಿ ಒಂದೇ ಓಡಾಟದಲ್ಲಿ ಎರಡೂ ಕೆಲಸ ಮುಗಿಸಿ. ಡಾಕ್ಟರ್ ಇದ್ದಾರಾ ಅಂತ ಹಿಂದಿನ ದಿನವೇ ಪಾಲಿಕ್ಲಿನಿಕ್‌ಗೆ ಫೋನ್ ಮಾಡಿ, ಹಳೆಯ ರಿಪೋರ್ಟ್ ಎಲ್ಲ ಹಿಡಿದು ಮೊದಲ ಬಸ್ಸಿಗೆ ಹೊರಡಿ, ಚೀಟಿ ಸಿಕ್ಕ ದಿನವೇ ಆಸ್ಪತ್ರೆಗೆ ಹೋಗಿ. ಆಸ್ಪತ್ರೆ ಪಟ್ಟಿಯಲ್ಲಿ ಈಗಲೂ ಇದೆಯಾ, ಮೂಳೆ ವಿಭಾಗಕ್ಕೂ ಒಪ್ಪಂದ ಇದೆಯಾ ಅಂತ ಮೊದಲೇ ಕೇಳಿ. ಆಸ್ಪತ್ರೆ ಪಟ್ಟಿಯಲ್ಲಿದ್ದರೂ ಎಲ್ಲ ವಿಭಾಗಕ್ಕೂ ಒಪ್ಪಂದ ಇರಬೇಕೆಂದಿಲ್ಲ. ಚೀಟಿಯ ಅವಧಿ ಎಂದು ಮುಗಿಯುತ್ತದೆ ಅಂತಲೂ ನೋಡಿಕೊಳ್ಳಿ, ಇಲ್ಲದಿದ್ದರೆ ಮರುಪರೀಕ್ಷೆಗೆ ಮತ್ತೆ ಪಾಲಿಕ್ಲಿನಿಕ್ ಬಾಗಿಲು.

ತುರ್ತು ಇದ್ದಾಗ ಮಾತ್ರ ಚೀಟಿಯ ಯೋಚನೆ ಬೇಡ. ಎದೆನೋವು, ಪಾರ್ಶ್ವವಾಯು, ಅಪಘಾತ, ಏನೇ ಆದರೂ ಹತ್ತಿರದ ಆಸ್ಪತ್ರೆಗೆ ನೇರ ಹೋಗಿ. ಪಟ್ಟಿಯಲ್ಲಿದ್ದರೆ ಕಾರ್ಡ್ ತೋರಿಸಿದರೆ ಸಾಕು. ಇಲ್ಲದಿದ್ದರೆ ಬಿಲ್ ನೀವೇ ಕಟ್ಟಿ, 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಿ ಆಮೇಲೆ ವಾಪಸ್ ಕೇಳಬೇಕು. ಇಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಮೂರು ವರ್ಷದ ಹಿಂದೆ ರಾತ್ರಿ ಎದೆನೋವು ಬಂದು ಮಗ ಹತ್ತಿರದ ಒಂದು ಆಸ್ಪತ್ರೆಗೆ ಸೇರಿಸಿದ, ಅದು ಪಟ್ಟಿಯಲ್ಲಿ ಇರಲಿಲ್ಲ. ಫೋನೇನೋ ಸಮಯಕ್ಕೆ ಮಾಡಿದ. ಆದರೆ ತುರ್ತಾಗಿ ದಾಖಲಾದದ್ದು ಅಂತ ಆಸ್ಪತ್ರೆಯಿಂದ ಬರೆಸಿಕೊಳ್ಳಲು ಮರೆತ, ಡಿಸ್ಚಾರ್ಜ್ ಆದ ಮೇಲೆ ಅದಕ್ಕಾಗಿಯೇ ಎರಡು ಸಲ ಅಲೆದ. ಕಟ್ಟಿದ್ದು 92 ಸಾವಿರ, ಎಂಟು ತಿಂಗಳಾದ ಮೇಲೆ ಬಂದದ್ದು 58 ಸಾವಿರ. ಮೋಸ ಏನಲ್ಲ, ಸರ್ಕಾರ ಕೊಡುವುದು ಅದರದ್ದೇ ದರಪಟ್ಟಿಯ ಪ್ರಕಾರ, ಆಸ್ಪತ್ರೆ ಹಾಕಿದ ಬಿಲ್ಲಿನ ಪ್ರಕಾರ ಅಲ್ಲ. ನನಗೆ ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ ಅಷ್ಟೇ.

ಇನ್ನೊಂದು, ನಿಮ್ಮ ಅಮ್ಮನಿಗೆ ಬೇರೆ ಕಾರ್ಡ್ ಇದೆಯಾ? ತಂದೆಯ ಕಾರ್ಡ್ ತೋರಿಸಿದರೆ ಅಮ್ಮನಿಗೆ ನಡೆಯುವುದಿಲ್ಲ. ಮಾಡಿಸಿಲ್ಲದಿದ್ದರೆ ಮಂಡಿನೋವಿಗೆ ಹೋದ ದಿನವೇ ಅದನ್ನೂ ಕೇಳಿಕೊಂಡು ಬನ್ನಿ.